ಅರ್ಧ ವಾಕ್ಯದ ಸರ್ಕಾರ

ಮಾರ್ಚ್ 3

ತಮ್ಮಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕು, ಮಾಡುವುದಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿದೆ. ಆ ಉರಿಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಫೋನ್ ಮಾಡಬಾರದಿತ್ತೇ ಎಂದು ಕೇಳಬೇಡ. ಅಗ್ನಿಶಾಮಕ ಠಾಣೆಯಲ್ಲಿ ದಿನವಿಡೀ ಫೋನ್ ಹಿಡಿದು ಕೂತವಳಿಗೆ ಮನೆಗೆ ಬಂದ ಮೇಲೆ ಅದನ್ನು ನೋಡಿದರೂ ಕಿವಿ ನೋಯುತ್ತದೆ. ಅದೂ ಅಲ್ಲದೆ, ನಾನು ಬೈಯಲು ಶುರು ಮಾಡಿದರೆ ನೀನು ‘ಹೂಂ ಅಕ್ಕ, ಹೂಂ ಅಕ್ಕ’ ಎನ್ನುತ್ತ ಇನ್ನೇನೋ ಓದುತ್ತಿರುತ್ತೀಯ. ಕಾಗದವಾದರೆ ಬೈಗುಳವನ್ನು ಪೂರ್ತಿ ಓದಲೇಬೇಕು.

ನಿನ್ನೆ ಬಸ್ ನಿಲ್ದಾಣದ ಹಿಂದಿರುವ ಬಡಗಿಯ ಅಂಗಡಿಗೆ ಬೆಂಕಿ ಬಿತ್ತು. ಕರೆ ಬಂದ ಕೂಡಲೇ ನಿಯಮದಂತೆ ವಿಳಾಸವನ್ನು ಎರಡು ಸಲ ಹೇಳಿಸಿಕೊಂಡೆ, ಗಂಟೆ ಒತ್ತಿದೆ, ಕರೆ ಮಾಡಿದವರಿಗೆಲ್ಲ ನಾವು ಹೇಳಲೇಬೇಕಾದ ಮಾತನ್ನೂ ಹೇಳಿದೆ: ‘ಗಾಡಿ ಹೊರಟಿದೆ, ದಾರಿ ಬಿಡಿಸಿ.’ ಹೊರಟಿದ್ದೂ ನಿಜ. ನಮ್ಮ ಗಾಡಿಯನ್ನು ನೀನು ನೋಡಿದ್ದೀಯಲ್ಲ. ದಿನಾ ಬೆಳಿಗ್ಗೆ ತೊಳೆದು, ಒರೆಸಿ, ಒಂದು ಸಲ ಸೈರನ್ ಕೂಗಿಸಿ ನಿಲ್ಲಿಸುತ್ತಾರೆ, ಮದುಮಗನ ಹಾಗೆ ಹೊಳೆಯುತ್ತದೆ. ಹೋಗಿ ಅಂಗಡಿಯ ಮುಂದೆ ನಿಂತಿತು. ಸ್ವಲ್ಪ ಹೊತ್ತಿಗೆ ಬಡಗಿಯ ಹೆಂಡತಿ ಮತ್ತೆ ಫೋನ್ ಮಾಡಿದಳು. ‘ಅಮ್ಮಾ, ಗಾಡಿ ಬಂದಿದೆ. ನೀರು ಯಾವಾಗ ಬರುತ್ತೆ?’ ಎಂದು ಕೇಳಿದಳು.

ನಾನು ಏನು ಹೇಳಲಿ? ಪಂಪು ಕೆಟ್ಟಿದೆ ಎಂದು ಮೇಲಿನವರಿಗೆ ವರ್ಷಗಟ್ಟಲೆ ಬರೆದು ಬರೆದು ನಮ್ಮ ಕೈ ಸೋತಿದೆ. ಒಂದು ಹನಿ ನೀರು ಬರಲಿಲ್ಲ, ತಮ್ಮಾ. ಅಂಗಡಿ ಬೂದಿಯಾಯಿತು. ಸಂಜೆ ನಮ್ಮ ಸಾಹೇಬರು ಬಂದು, ಗಾಡಿ ಹೊತ್ತಿಗೆ ಸರಿಯಾಗಿ ತಲುಪಿತಲ್ಲ, ನಮ್ಮ ಕಡೆಯಿಂದ ತಪ್ಪಿಲ್ಲ ಎಂದು ಕೈ ತೊಳೆದುಕೊಂಡರು.

ನಾನೇನಾದರೂ ಈ ದೇಶದ ಪ್ರಧಾನಿಯಾದರೆ, ಪ್ರಮಾಣವಚನ ಮುಗಿಸಿದ ಕೈಯಲ್ಲೇ ಮಂತ್ರಿಗಳ ಬಂಗಲೆಗಳ ಹತ್ತಿರ ನಿಂತಿರುವ ಹೊಸ ಗಾಡಿಗಳನ್ನೆಲ್ಲ ಚಿಕ್ಕ ಊರುಗಳಿಗೆ ಕಳಿಸುತ್ತೇನೆ, ನಮ್ಮಂಥವರ ಗಾಡಿಗಳನ್ನು ಅವರ ಮನೆ ಮುಂದೆ ನಿಲ್ಲಿಸುತ್ತೇನೆ. ಪಂಪು ಎಷ್ಟು ಬೇಗ ರಿಪೇರಿಯಾಗುತ್ತದೆ ಆಗ ನೋಡು. ಮಾರನೆಯ ದಿನ ‘ಆಗಲಿ, ನೋಡೋಣ’ ಎಂಬ ಮಾತನ್ನು ಎಲ್ಲ ಸರ್ಕಾರಿ ಕಚೇರಿಗಳಲ್ಲೂ ನಿಷೇಧಿಸುತ್ತೇನೆ.

ಇದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದರೆ ನಿನ್ನ ಭಾವ, ‘ಪ್ರಧಾನಿಗಳೇ, ಒಲೆ ಮೇಲೆ ಹಾಲು ಉಕ್ತಾ ಇದೆ’ ಎಂದು ನಗುತ್ತಾರೆ. ಅವರಿಗೆ ನಗು. ಹಾಸಿಗೆ ಮಾಡುವವರ ಆ ಬೀದಿಯಲ್ಲಿ ಅವರ ಅಂಗಡಿ ಒಂದೇ ಅಲ್ಲ, ಈ ತುದಿಯಿಂದ ಆ ತುದಿಯವರೆಗೆ ಹತ್ತಿ, ಸ್ಪಂಜು, ಬಟ್ಟೆ. ಒಂದು ಕಿಡಿ ಬಿದ್ದರೆ ಏನಾಗುತ್ತದೆಂದು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ. ನೀನು ರಾಜಧಾನಿಯಲ್ಲಿ ಪಕ್ಷದ ಕಚೇರಿಯಲ್ಲಿ ಕೂತು ಪೋಸ್ಟರು ತಿದ್ದುತ್ತೀಯ. ನಾಳೆ ನಿಮ್ಮವರೇ ಗೆಲ್ಲಬಹುದು ಎನ್ನುತ್ತಾರೆ. ಯಾರಾದರೂ ದೊಡ್ಡವರ ಕಿವಿಗೆ ಹಾಕು. ನೀರು ಬಿಡುವ ಗಾಡಿ ಒಂದು ನಮ್ಮೂರಿಗೆ ಬೇಕು. ಬೇರೇನೂ ಬೇಡ.

ಅಕ್ಕ

ಮಾರ್ಚ್ 15

ಮಾನ್ಯ ಪ್ರಧಾನಿಯವರಿಗೆ, ತಮ್ಮ ಸರ್ಕಾರದ ಏಕೈಕ ಬೆಂಬಲಿಗನ ನಮಸ್ಕಾರಗಳು.

ಅಕ್ಕ, ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ‘ಗಾಡಿ ಬಂದಿದೆ, ನೀರು ಯಾವಾಗ ಬರುತ್ತೆ’ ಎಂಬ ಮಾತು ತಲೆಯಿಂದ ಹೋಗುತ್ತಿಲ್ಲ. ಪಾಪ, ಆ ಹೆಂಗಸು. ಗಾಡಿಯ ವಿಷಯ ಖಂಡಿತ ಹೇಳುತ್ತೇನೆ. ಇಲ್ಲಿ ನಾನು ತೀರ ಚಿಕ್ಕವನು, ಪೋಸ್ಟರಿನಲ್ಲಿ ಒತ್ತಕ್ಷರ ಸರಿ ಇದೆಯೇ ಎಂದು ನೋಡುವವನು. ಆದರೂ ದೊಡ್ಡವರು ಓಡಾಡುವ ಕಟ್ಟಡ ಇದೇ ತಾನೇ, ಯಾವಾಗಲಾದರೂ ಮೆಟ್ಟಿಲ ಮೇಲೆ ಸಿಗುತ್ತಾರೆ.

ಒಂದು ಕೋರಿಕೆ. ನಿನ್ನ ಸರ್ಕಾರದ ಉಳಿದ ಯೋಜನೆಗಳೇನು? ತಮಾಷೆಗಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಆಸ್ಪತ್ರೆ, ಶಾಲೆ, ರಸ್ತೆ, ಕಚೇರಿ, ಎಲ್ಲದರ ಬಗ್ಗೆಯೂ ಬರೆ. ಹಾಗೇ ಬೈಯುತ್ತಲೇ ಬರೆ, ನಯ ಮಾಡಲು ಹೋಗಬೇಡ. ಇಲ್ಲಿ ದಿನವಿಡೀ ನಯವಾದ ಮಾತು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ, ನಿನ್ನ ಕಾಗದ ಓದಿದರೆ ರಕ್ತ ಓಡಾಡುತ್ತದೆ.

ಭಾವನಿಗೆ ಹೇಳು, ಹಾಲು ಉಕ್ಕಿದರೆ ಅವರೇ ಇಳಿಸಲಿ. ಪ್ರಧಾನಿಯವರ ಸಮಯ ಅಮೂಲ್ಯ.

ನಿನ್ನ ತಮ್ಮ

ಮಾರ್ಚ್ 28

ತಮ್ಮಾ,

ಬೆಣ್ಣೆ ಹಚ್ಚುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ. ಹಚ್ಚಿಸಿಕೊಂಡೆ, ಬರೆಯುತ್ತಿದ್ದೇನೆ.

ಉದ್ಘಾಟನೆ ಎಂಬುದನ್ನು ತೆಗೆದುಹಾಕುತ್ತೇನೆ. ಸೇತುವೆಯಾಗಲಿ, ನಲ್ಲಿಯಾಗಲಿ, ಕಟ್ಟಿದ ದಿನ ಯಾರೂ ಟೇಪು ಕತ್ತರಿಸಕೂಡದು. ಐದು ವರ್ಷ ಕಳೆದ ಮೇಲೆ ಬಂದು ನೋಡಲಿ. ಅದಿನ್ನೂ ನೆಟ್ಟಗಿದ್ದರೆ ಆಗ ಕತ್ತರಿಸಲಿ, ನಾನೇ ಕತ್ತರಿ ಹಿಡಿದುಕೊಂಡು ನಿಲ್ಲುತ್ತೇನೆ. ಮಂತ್ರಿಯಾದವನ ಮನೆಯ ಮಕ್ಕಳು ಅವನದೇ ಖಾತೆಯ ಶಾಲೆಯಲ್ಲಿ ಓದಬೇಕು, ಅವನ ಹಲ್ಲನ್ನು ಅವನದೇ ಆಸ್ಪತ್ರೆಯಲ್ಲಿ ಕೀಳಬೇಕು. ಸರ್ಕಾರಿ ಕಚೇರಿಗೆ ಫೋನ್ ಮಾಡಿದರೆ ಸಂಗೀತ ಕೇಳಿಸಬಾರದು, ಮನುಷ್ಯರ ದನಿ ಕೇಳಿಸಬೇಕು. ನಾನು ಇಷ್ಟು ವರ್ಷ ಠಾಣೆಯ ಕುರ್ಚಿಯಲ್ಲಿ ಕೂತು ಫೋನ್ ಎತ್ತಿದ್ದೇನೆ, ಅವರ ಕೈಗೇನು ದೊಡ್ಡ ರೋಗ?

ಆದರೆ ನನ್ನ ಸರ್ಕಾರದ ಮೂಲ ಕಾನೂನು ಒಂದೇ. ಅದನ್ನು ಅಡಿಗೆರೆ ಹಾಕಿ ಬರೆಯುತ್ತೇನೆ: ಕೆಲಸ ಮಾಡದ ವಸ್ತು ಜನರ ಕಣ್ಣೆದುರು ನಿಂತಿರಕೂಡದು, ಬೆಳಿಗ್ಗೆ ಅದನ್ನು ಎತ್ತಿದರೆ ಸಂಜೆಯೊಳಗೆ ಅದೇ ಜಾಗದಲ್ಲಿ ಕೆಲಸ ಮಾಡುವಂಥದ್ದು ಬಂದಿರಬೇಕು.

ಯಾಕೆ ಗೊತ್ತೇ? ಮಾರುಕಟ್ಟೆಯ ಗಡಿಯಾರ ನಿಂತು ಎಷ್ಟೋ ಕಾಲವಾಯಿತು. ಇವತ್ತೂ ಹೊಸಬರು ಅದನ್ನು ನೋಡಿ ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಗಡಿಯಾರ ಇಲ್ಲದಿದ್ದರೆ ಯಾರನ್ನಾದರೂ ಕೇಳುತ್ತಿದ್ದರು. ಆಸ್ಪತ್ರೆಯ ಲಿಫ್ಟಿನ ಮುಂದೆ ರೋಗಿಗಳು ಗುಂಡಿ ಒತ್ತಿ ನಿಲ್ಲುತ್ತಾರೆ, ಅದು ಬರುವುದಿಲ್ಲ. ಕೆಟ್ಟ ವಸ್ತು ಸುಮ್ಮನೆ ನಿಂತಿರುವುದಿಲ್ಲ, ಅದು ಸುಳ್ಳು ಹೇಳುತ್ತ ನಿಂತಿರುತ್ತದೆ. ಬಡಗಿಯ ಹೆಂಡತಿ ನಮ್ಮ ಗಾಡಿಯನ್ನು ನೋಡಿ ಬಿಂದಿಗೆ ಕೆಳಗಿಟ್ಟಳಂತೆ.

ಇದನ್ನು ಓದಿ ನಗಬೇಡ. ನಾನು ಹಾಸ್ಯಕ್ಕೆ ಬರೆದಿಲ್ಲ. ಮೆಟ್ಟಿಲ ಮೇಲೆ ಯಾರಾದರೂ ಸಿಕ್ಕರೇ?

ಅಕ್ಕ

ಮೇ 2

ಅಕ್ಕ,

ಚುನಾವಣೆ ತಲೆಯ ಮೇಲೆ ಕೂತಿದೆ. ಊಟ ನಿಂತುಕೊಂಡು, ನಿದ್ದೆ ಕಾರಿನಲ್ಲಿ. ಗಾಡಿಯ ವಿಷಯ ಹೇಳಿದ್ದೇನೆ, ಕೇಳಿಸಿಕೊಂಡಿದ್ದಾರೆ. ಮತ ಹಾಕುವುದನ್ನು ಮರೆಯಬೇಡ, ಯಾರಿಗೆ ಎಂದು ನಾನು ಹೇಳುವುದಿಲ್ಲ. ಟಿವಿಯಲ್ಲಿ ಬರುವ ಭಾಷಣಗಳನ್ನೆಲ್ಲ ಕೇಳುತ್ತ ಕೂರಬೇಡ, ಸುಮ್ಮನೆ ತಲೆನೋವು.

ತಮ್ಮ

ಮೇ 9

ತಮ್ಮಾ,

ಕೇಳಬೇಡ ಎಂದೆಯಲ್ಲ, ಅದಕ್ಕೇ ಕೇಳಿದೆ.

ಠಾಣೆಯಲ್ಲಿ ಟಿವಿ ಹಾಕಿದ್ದರು. ನಿಮ್ಮ ನಾಯಕರು ಮೈದಾನದ ತುಂಬ ಜನ ಸೇರಿಸಿಕೊಂಡು, ಮುಷ್ಟಿ ಎತ್ತಿ ಹೇಳುತ್ತಿದ್ದರು: ‘ಕೆಲಸ ಮಾಡದ ವಸ್ತು ಜನರ ಕಣ್ಣೆದುರು ನಿಂತಿರಕೂಡದು.’ ಮೈದಾನ ಹಾರಿಹೋಗುವ ಹಾಗೆ ಚಪ್ಪಾಳೆ. ಆಮೇಲೆ ನಿಂತ ಗಡಿಯಾರ ಬಂತು, ಬರದ ಲಿಫ್ಟ್ ಬಂತು. ‘ಗಾಡಿ ಬಂದಿದೆ, ನೀರು ಯಾವಾಗ ಬರುತ್ತೆ’ ಎಂದು ಆ ಬಡಗಿಯ ಹೆಂಡತಿಯ ಮಾತನ್ನು ಅವರು ಗದ್ಗದ ದನಿಯಲ್ಲಿ ಹೇಳಿ ಕಣ್ಣೊರೆಸಿಕೊಂಡರು.

ಒತ್ತಕ್ಷರ ನೋಡುವವನಂತೆ. ಎಷ್ಟು ವರ್ಷದಿಂದ ನನ್ನ ಕಿವಿಗೆ ಹೂವಿಡುತ್ತಿದ್ದೀಯ? ಅವರ ಭಾಷಣ ಬರೆಯುವವನು ನೀನೇ ತಾನೇ?

ಕದ್ದದ್ದಕ್ಕೆ ನನಗೆ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆಯೇ ಆಯಿತು, ಎದ್ದು ನಿಂತು ‘ಇದು ನನ್ನ ಮಾತು’ ಎಂದು ಎಲ್ಲರಿಗೂ ಹೇಳಿಬಿಟ್ಟೆ. ನಮ್ಮ ಗಾಡಿಯ ಡ್ರೈವರಣ್ಣ ಎಲ್ಲರಿಗೂ ಚಹಾ ತರಿಸಿದ. ಈಗ ಬೀದಿಯಲ್ಲಿ ಹೋದರೆ ಜನ ನನ್ನನ್ನೇ ತೋರಿಸುತ್ತಾರೆ. ಆದರೆ ಉಳಿದರ್ಧ ಎಲ್ಲಿ? ಸಂಜೆಯೊಳಗೆ ಕೆಲಸ ಮಾಡುವಂಥದ್ದು ಬಂದಿರಬೇಕು ಎಂದು ನಾನು ಬರೆದದ್ದು ಎಲ್ಲಿ ಹೋಯಿತು? ಆ ಅರ್ಧಕ್ಕೇ ನಾನು ಇಡೀ ವಾಕ್ಯ ಬರೆದದ್ದು. ಬಾಗಿಲನ್ನು ಬಿಟ್ಟು ಮನೆ ಕಟ್ಟಿದ ಹಾಗೆ ಕತ್ತರಿಸಿದ್ದೀಯ.

ಅಕ್ಕ

ಮೇ 20

ಅಕ್ಕ,

ಸಿಕ್ಕಿಬಿದ್ದೆ. ಹೌದು, ಬರೆಯುವವನು ನಾನೇ. ಹೇಳಬಾರದೆಂಬ ನಿಯಮವಿದೆ, ಅದಕ್ಕೆ ಹೇಳಲಿಲ್ಲ. ಮಾತು ಅವರ ಬಾಯಲ್ಲೇ ಹುಟ್ಟಿತು ಎಂದು ಜನ ನಂಬಬೇಕು, ನನ್ನ ಕೆಲಸದ ಮರ್ಯಾದೆಯೇ ಅದು.

ಉಳಿದರ್ಧವನ್ನು ನಾನು ಬರೆದಿದ್ದೆ, ದೇವರಾಣೆ. ಮೊದಲ ಎರಡು ಸಭೆಗಳಲ್ಲಿ ಅವರು ಪೂರ್ತಿ ವಾಕ್ಯವನ್ನೇ ಹೇಳಿದರು. ‘ನಿಂತಿರಕೂಡದು’ ಎಂದ ಕೂಡಲೇ ಚಪ್ಪಾಳೆ ಬೀಳುತ್ತದೆ, ‘ಬೆಳಿಗ್ಗೆ ಎತ್ತಿದರೆ ಸಂಜೆಯೊಳಗೆ’ ಎಂಬುದು ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ನಾಯಕರಿಗೆ ಮುಜುಗರ. ಒಂದು ಉಸಿರಿಗೆ ಹಿಡಿಸುವಷ್ಟು ಮಾತ್ರ ಬರೆ ಎಂದರು. ಭಾಷಣವೆಂದರೆ ಹಾಗೆಯೇ ಅಕ್ಕ, ಚಪ್ಪಾಳೆ ಬಿದ್ದ ಜಾಗದಲ್ಲಿ ವಾಕ್ಯ ಮುಗಿಯಬೇಕು.

ಈಗ ಗೆದ್ದಾಯಿತು. ಇನ್ನೇನು? ಉಳಿದರ್ಧವನ್ನು ಸರ್ಕಾರವೇ ಮಾಡಿ ತೋರಿಸುತ್ತದೆ. ನಿನ್ನ ಕಾನೂನು ನೂರು ದಿನದ ಕಾರ್ಯಕ್ರಮದ ತಲೆಯಲ್ಲಿ ಕೂತಿದೆ. ನಮ್ಮಿಬ್ಬರ ಕಾನೂನು ಎನ್ನಲೇ? ನಮ್ಮೂರಿನ ಗಾಡಿಯ ಟಿಪ್ಪಣಿಯನ್ನು ನಾನೇ ಬರೆದು ಕಳಿಸಿದ್ದೇನೆ. ಭಾವನಿಗೆ ಹೇಳು, ಇನ್ನು ಅವರು ನೆಮ್ಮದಿಯಾಗಿ ಹತ್ತಿ ತುಂಬಲಿ.

ನಿನ್ನ ಕಳ್ಳ ತಮ್ಮ

ಜುಲೈ 11

ತಮ್ಮಾ,

ನಿನ್ನ ಸರ್ಕಾರ ನಮ್ಮೂರಿಗೆ ಬಂದುಹೋಯಿತು. ಕ್ರೇನು, ಲಾರಿ, ಕ್ಯಾಮೆರಾ ಸಮೇತ ಬಂದಿತ್ತು.

ಮೊದಲು ಗಡಿಯಾರ ಇಳಿಸಿದರು. ಜನ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಒಣಗಿದ ನಲ್ಲಿಗಳನ್ನು ಕಿತ್ತರು, ಆಸ್ಪತ್ರೆಯ ಲಿಫ್ಟಿನ ಬಾಗಿಲಿಗೆ ಇಟ್ಟಿಗೆ ಕಟ್ಟಿದರು, ಮೂರು ಕಾಲಿನ ಬೆಂಚುಗಳನ್ನು ಲಾರಿಗೆ ಎಸೆದರು. ಎಲ್ಲದಕ್ಕೂ ಫೋಟೊ. ಆಮೇಲೆ ಠಾಣೆಗೆ ಬಂದರು. ನಮ್ಮ ಸಾಹೇಬರು ಹಲ್ಲು ಕಿರಿಯುತ್ತ ಗೇಟು ತೆಗೆದರು. ಗಾಡಿಯನ್ನು ಸರಪಳಿ ಕಟ್ಟಿ ಎಳೆದುಕೊಂಡು ಹೋಗುವಾಗ ಡ್ರೈವರಣ್ಣ ಅದರ ಹಿಂದೆ ಗೇಟಿನವರೆಗೂ ನಡೆದುಹೋದ.

ಬದಲಿ ಗಾಡಿ ಎಲ್ಲಿ ಎಂದು ಕೇಳಿದೆ. ಬಂದಿದ್ದ ಅಧಿಕಾರಿ, ಎತ್ತುವುದಷ್ಟೇ ತನಗೆ ಬಂದಿರುವ ಆದೇಶ, ತರುವುದರ ಬಗ್ಗೆ ಅದರಲ್ಲಿ ಏನೂ ಇಲ್ಲ ಎಂದ. ಸಂಜೆಯಾಯಿತು. ಆ ಜಾಗದಲ್ಲಿ ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಒಂದು ತಿಂಗಳಾಗುತ್ತ ಬಂತು, ಈಗಲೂ ಇಲ್ಲ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಬಡಗಿಯ ಅಂಗಡಿಯ ದಿನ ಒಂದು ಹನಿ ನೀರು ಬರಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಅಂಗಡಿ ಹೋಯಿತು, ಆದರೆ ಕೊನೆಗೆ ನೀರು ಬಂತು, ಅಕ್ಕಪಕ್ಕದ ಮನೆಗಳು ಉಳಿದವು. ಆ ಪಂಪಿನ ಒಂದು ವಾಲ್ವು ಕಚ್ಚಿಕೊಳ್ಳುತ್ತಿತ್ತು. ಡ್ರೈವರಣ್ಣ ಅದಕ್ಕೆ ಸುತ್ತಿಗೆಯಲ್ಲಿ ಎರಡು ಕೊಟ್ಟು, ಹಳೆ ಟ್ಯೂಬಿನ ರಬ್ಬರು ಬಿಗಿದು, ಹೇಗೋ ನೀರು ಎಬ್ಬಿಸುತ್ತಿದ್ದ. ಯಾವಾಗಲೂ ಹಾಗೆಯೇ ಎಬ್ಬಿಸುತ್ತಿದ್ದ, ತಡವಾಗುತ್ತಿತ್ತು ಅಷ್ಟೇ. ಅದನ್ನು ಬರೆದರೆ ನನ್ನ ಸಿಟ್ಟಿಗೆ ತೂಕ ಕಡಿಮೆಯಾಗುತ್ತದೆ ಎಂದು ಬಿಟ್ಟೆ. ಹೊಸ ಗಾಡಿ ಬರಲಿ ಎಂಬ ಆಸೆ.

ಈಗ ಕುಂಟುವ ಗಾಡಿಯೂ ಇಲ್ಲ. ಕರೆ ಬಂದರೆ ನಾನು ಪಕ್ಕದೂರಿನ ಠಾಣೆಗೆ ಹೇಳಬೇಕು, ಅವರ ಗಾಡಿ ಬೆಟ್ಟ ಸುತ್ತಿಕೊಂಡು ಬರಬೇಕು. ಮೊನ್ನೆ ಬಡಗಿಯ ಹೆಂಡತಿ ಸಿಕ್ಕಳು, ನಿಮ್ಮ ಕಾನೂನು ಚೆನ್ನಾಗಿದೆ ಎಂದು ಹೇಳಿ ಹೋದಳು. ಉಗಿದಿದ್ದರೆ ಪರವಾಗಿರಲಿಲ್ಲ.

ಉಳಿದರ್ಧ ಬೇಕು ನನಗೆ. ಈ ವಾರವೇ ಬೇಕು.

ಅಕ್ಕ

ಜುಲೈ 25

ಅಕ್ಕ,

ನಿನ್ನ ಕಾಗದ ತಲುಪಿತು. ಸಂಬಂಧಪಟ್ಟ ಇಲಾಖೆಯ ಗಮನಕ್ಕೆ ತಂದಿದ್ದೇನೆ. ಎತ್ತುವುದಕ್ಕೆ ಒಂದು ಇಲಾಖೆ, ಕೊಳ್ಳುವುದಕ್ಕೆ ಇನ್ನೊಂದು, ಎರಡರ ನಡುವೆ ಸ್ವಲ್ಪ ಎಳೆದಾಟವಿದೆ. ಎತ್ತಿದ್ದರಿಂದಲೇ ಎಷ್ಟು ಉಳಿತಾಯವಾಯಿತು ಎಂದು ಪತ್ರಿಕೆಗಳೆಲ್ಲ ಹೊಗಳುತ್ತಿವೆ, ಹಾಗಾಗಿ ಕೊಳ್ಳುವ ಮಾತನ್ನು ಸದ್ಯಕ್ಕೆ ಎತ್ತುವವರಿಲ್ಲ. ಆಗಲಿ, ನೋಡೋಣ.

ನೀನು ಬೈದೆ, ನಾನೂ ಒಂದು ಮಾತು ಹೇಳುತ್ತೇನೆ. ಆ ಗಾಡಿಯಿಂದ ನೀರು ಬರುತ್ತಿತ್ತು ಎಂದು ಈಗ ಹೇಳುತ್ತಿದ್ದೀಯ. ನಮ್ಮೂರಿನ ಗಾಡಿಯನ್ನು ಮೊದಲ ಕಂತಿನಲ್ಲೇ ಎತ್ತಲು ಕಾರಣ ಏನು ಗೊತ್ತೇ? ನನ್ನ ಟಿಪ್ಪಣಿ. ‘ಒಂದು ಹನಿ ನೀರು ಬರಲಿಲ್ಲ ಎಂದು ಆ ಠಾಣೆಯ ಸಿಬ್ಬಂದಿಯೇ ಹೇಳುತ್ತಾರೆ’ ಎಂದು ನಾನು ಅದರಲ್ಲಿ ಬರೆದಿದ್ದೆ. ನಿನ್ನ ಮಾತನ್ನು ನಂಬಿ ಬರೆದಿದ್ದೆ. ನಾನು ಅರ್ಧ ವಾಕ್ಯ ಕತ್ತರಿಸಿದೆ ಎಂದು ಬೈಯುತ್ತೀಯ, ನೀನು ಕತ್ತರಿಸಿದ್ದು ಇನ್ನೇನು?

ಕೋಪದಲ್ಲಿ ಬರೆದೆ, ಕ್ಷಮಿಸು. ಆದರೆ ಅಳಿಸುವುದಿಲ್ಲ.

ತಮ್ಮ

ಆಗಸ್ಟ್ 19

ತಮ್ಮಾ,

ನೀನು ಹೇಳಿದ್ದು ಸರಿ. ಅದನ್ನು ನುಂಗಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ಮಂಗಳವಾರ ಮಧ್ಯಾಹ್ನ ಫೋನ್ ಬಂತು. ಎತ್ತಿದರೆ ನಿನ್ನ ಭಾವ. ಅಭ್ಯಾಸಬಲ, ‘ವಿಳಾಸ ಹೇಳಿ’ ಎಂದುಬಿಟ್ಟೆ. ‘ನಮ್ಮ ಬೀದಿ ಕಣೇ, ಮೂಲೆ ಅಂಗಡಿಯಿಂದ ಹತ್ಕೊಂಡಿದೆ’ ಎಂದರು. ಹಿಂದೆ ಜನ ಕೂಗಾಡುತ್ತಿದ್ದರು. ಒಂದು ಕೈಯಲ್ಲಿ ಅವರ ಫೋನ್ ಹಿಡಿದು, ಇನ್ನೊಂದರಲ್ಲಿ ಪಕ್ಕದೂರಿನ ಠಾಣೆಗೆ ಫೋನ್ ಮಾಡಿದೆ. ಅಲ್ಲಿನ ಆಪರೇಟರ್ ಹುಡುಗಿ ತಕ್ಷಣ ಎತ್ತಿದಳು, ಅವರ ಗಾಡಿ ಹೊರಟಿತು. ನಾನು ನಿನ್ನ ಭಾವನಿಗೆ, ಎಲ್ಲರಿಗೂ ಹೇಳುವ ಹಾಗೇ, ಹೇಳಿದೆ: ‘ಗಾಡಿ ಹೊರಟಿದೆ, ದಾರಿ ಬಿಡಿಸಿ.’

ಎಲ್ಲಿಂದ ಎಂದು ಹೇಳಲಿಲ್ಲ. ಬಾಯಿಪಾಠದ ಮಾತಿನಲ್ಲಿ ಅದಕ್ಕೆ ಜಾಗವಿಲ್ಲ. ಹೊಸ ಗಾಡಿ ಬಂದೇಬಿಟ್ಟಿದೆ ಎಂದುಕೊಂಡರು ಅವರು. ಮನೆಯಲ್ಲಿ ನಾನು ದಿನಾ ಅದೇ ಜಪ ಮಾಡುತ್ತಿದ್ದೆನಲ್ಲ, ತಮ್ಮ ತರಿಸುತ್ತಾನೆ, ಈ ವಾರ ತರಿಸುತ್ತಾನೆ ಎಂದು.

ಆಮೇಲೆ ಆದದ್ದನ್ನು ಕೇಳು. ಬೀದಿಯವರೆಲ್ಲ ಸಾಲಾಗಿ ನಿಂತು ಬಾವಿಯಿಂದ ಬಕೆಟ್ಟು ದಾಟಿಸುತ್ತಿದ್ದರು. ನಿನ್ನ ಭಾವ ಓಡಿಬಂದು ಗಾಡಿ ಬರುತ್ತಿದೆ, ದಾರಿ ಬಿಡಿ ಎಂದರು. ಎಲ್ಲರೂ ಬಕೆಟ್ಟು ಕೆಳಗಿಟ್ಟರು. ಕೈಗಾಡಿಗಳನ್ನು ಸರಿಸಿದರು, ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡರು, ಬೀದಿಯನ್ನು ಗುಡಿಸಿದ ಹಾಗೆ ಖಾಲಿ ಮಾಡಿದರು. ಎರಡು ಕಡೆ ಗೋಡೆಗೆ ಒತ್ತಿ ನಿಂತು, ಬೀದಿಯ ಬಾಯಿಯ ಕಡೆ ಕತ್ತು ಚಾಚಿ ಕಾದರು. ಹತ್ತಿಗೆ ಬಿದ್ದ ಬೆಂಕಿ ಕಾಯುತ್ತದೆಯೇ? ಒಂದೊಂದೇ ಅಂಗಡಿ ದಾಟಿಕೊಂಡು ಬಂತು, ಇವರು ದಾರಿ ಬಿಟ್ಟು ನಿಂತೇ ಇದ್ದರು. ಕೊನೆಗೆ ಚಹಾ ಅಂಗಡಿಯ ಸಿಲಿಂಡರಿಗೆ ಬೆಂಕಿ ತಾಗುವಂತಾದಾಗ ನಿನ್ನ ಭಾವ ಒಳಗೆ ನುಗ್ಗಿ ಅದನ್ನು ಬರಿಗೈಯಲ್ಲಿ ಎಳೆದು ತಂದು ಚರಂಡಿಗೆ ತಳ್ಳಿದರು.

ಪಕ್ಕದೂರಿನ ಗಾಡಿ ಬಂದಾಗ ಬೂದಿಯಿಂದ ಹೊಗೆ ಏಳುತ್ತಿತ್ತು. ಯಾರೂ ಸಾಯಲಿಲ್ಲ ಎಂದು ಸಾಹೇಬರು ಸಮಾಧಾನ ಹೇಳಿದರು. ನಿನ್ನ ಭಾವನ ಎರಡೂ ಕೈ ಬೆಂದಿವೆ. ಬೆರಳುಗಳು ಮತ್ತೆ ಸೂಜಿ ಹಿಡಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಲಿಫ್ಟ್ ಇಲ್ಲದ ಆಸ್ಪತ್ರೆಯಲ್ಲಿ ಅವರನ್ನು ನಾಲ್ಕು ಜನ ಮೂರನೇ ಮಹಡಿಗೆ ಹೊತ್ತುಕೊಂಡು ಹೋದರು. ನಾನು ಹತ್ತಿರ ಹೋದಾಗ ಕಣ್ಣು ಬಿಟ್ಟು, ‘ಹೊರಟಿದೆ ಅಂದ್ಯಲ್ಲೇ’ ಎಂದರು. ಬೈದಿದ್ದಲ್ಲ, ಬರೀ ಕೇಳಿದರು. ಆಮೇಲೆ ಅದರ ಮಾತೇ ಎತ್ತಿಲ್ಲ.

ನನ್ನ ಅರ್ಧ ಸುಳ್ಳು ಎಷ್ಟೋ, ನಿನ್ನ ಅರ್ಧ ವಾಕ್ಯ ಎಷ್ಟೋ, ಎರಡನ್ನೂ ಕೂಡಿಸಿದರೆ ಒಂದು ಬೀದಿ. ನಾನು ನನ್ನ ಪಾಲನ್ನು ದಿನಾ ಕಣ್ಣಾರೆ ನೋಡುತ್ತಿದ್ದೇನೆ. ನಿನ್ನ ಪಾಲು ನೋಡಲು ನೀನು ಯಾವಾಗ ಬರುತ್ತೀಯ?

ಅಕ್ಕ

ಸೆಪ್ಟೆಂಬರ್ 1

ಅಕ್ಕ,

ಹೇಗೆ ಬರೆಯಬೇಕೆಂದೇ ತಿಳಿಯದೆ ಎಷ್ಟೋ ಹಾಳೆ ಹರಿದೆ. ಭಾವನ ಕೈ ಕಣ್ಣಮುಂದೆ ಬಂದಾಗಲೆಲ್ಲ ನನ್ನ ಕೈ ನಿಂತುಹೋಗುತ್ತದೆ.

ಒಂದು ಒಳ್ಳೆಯ ಸುದ್ದಿ. ನಾಯಕರ ಕಾಲು ಹಿಡಿದೆ ಎಂದೇ ಇಟ್ಟುಕೋ. ನಮ್ಮೂರಿಗೆ ಗಾಡಿ ಮಂಜೂರಾಗಿದೆ. ಹನ್ನೆರಡನೇ ತಾರೀಖು ಅವರೇ ಬಂದು ಒಪ್ಪಿಸುತ್ತಾರೆ, ಸುಟ್ಟ ಬೀದಿಯನ್ನೂ ನೋಡುತ್ತಾರೆ. ಜೊತೆಗೆ ನಾನೂ ಬರುತ್ತೇನೆ, ಭಾವನನ್ನು ನೋಡುತ್ತೇನೆ. ಆ ದಿನದ ಭಾಷಣಕ್ಕೆ ಒಂದೆರಡು ಮಾತು ನೀನೇ ಬರೆದು ಕೊಡು ಅಕ್ಕ. ಈ ಸಲ ಒಂದಕ್ಷರವನ್ನೂ ಕತ್ತರಿಸುವುದಿಲ್ಲ.

ತಮ್ಮ

ಸೆಪ್ಟೆಂಬರ್ 14

ತಮ್ಮಾ,

ನಿನ್ನ ಭಾಷಣಕ್ಕೆ ನಾನು ಏನೂ ಬರೆದು ಕೊಡಲಿಲ್ಲ. ಆದರೂ ಅದರ ಕೊನೆಯನ್ನು ನಾನೇ ಮಾಡಬೇಕಾಗಿ ಬಂತು. ಶಾಮಿಯಾನದ ಕೆಳಗಿದ್ದ ನಿನಗೆ ಕಂಡದ್ದು ಒಂದು, ಫೋನಿನ ಕೋಣೆಯಲ್ಲಿದ್ದ ನನಗೆ ಕಂಡದ್ದು ಇನ್ನೊಂದು, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಗಾಡಿ ಬಂದಾಗ ನಾನು ಅತ್ತುಬಿಟ್ಟೆ. ಹೊಸ ಬಣ್ಣ, ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ನಮ್ಮೂರಿನ ಹೆಸರು. ಡ್ರೈವರಣ್ಣ ಸೀಟು ಹತ್ತಿ ಕೂತು, ಸ್ಟಿಯರಿಂಗನ್ನು ಒರೆಸಿದ್ದೇ ಒರೆಸಿದ್ದು. ಕರ್ತವ್ಯದಲ್ಲಿದ್ದವರು ಕರ್ತವ್ಯದಲ್ಲೇ ಇರಬೇಕೆಂದು ಸಾಹೇಬರು ಹೇಳಿದ್ದರಿಂದ ನಾನು ಒಳಗೇ ಕೂತೆ. ಕಿಟಕಿಯಿಂದ ಠಾಣೆಯ ಅಂಗಳದ ವೇದಿಕೆ ಕಾಣುತ್ತಿತ್ತು, ನೀನೂ ಕಾಣುತ್ತಿದ್ದೆ. ನಿನ್ನ ತಲೆ ಅರ್ಧ ಬೆಳ್ಳಗಾಗಿದೆ.

ನಾಯಕರು ಶುರು ಮಾಡಿ ಸ್ವಲ್ಪ ಹೊತ್ತಾಗಿತ್ತು. ಫೋನ್ ಬಂತು. ಪಕ್ಕದೂರಿನ ಆ ಆಪರೇಟರ್ ಹುಡುಗಿ. ‘ಅಕ್ಕಾ, ಇಲ್ಲಿ ಶಾಲೆ ಅಡುಗೆಮನೆಗೆ ಬೆಂಕಿ ಬಿದ್ದಿದೆ. ನಮ್ಮ ಗಾಡಿಯನ್ನ ನಿಮ್ಮ ಸಮಾರಂಭಕ್ಕೆ ಅಂತ ಮೊನ್ನೆನೇ ತಗೊಂಡು ಹೋದ್ರು. ವಾಪಸ್ ಕಳಿಸಿ ಅಕ್ಕಾ, ಬೇಗ ಕಳಿಸಿ’ ಎಂದಳು.

ಹೊರಗೆ ಓಡಿ ಗಾಡಿಯ ಹತ್ತಿರ ಹೋದೆ. ಬಾಗಿಲ ಮೇಲಿನ ಬಣ್ಣವನ್ನು ಉಗುರಿನಿಂದ ಕೆರೆದೆ. ಇನ್ನೂ ಹಸಿ. ಒಂದು ಪದರ ಎದ್ದುಬಂತು, ಕೆಳಗೆ ಪಕ್ಕದೂರಿನ ಹೆಸರಿತ್ತು.

ಮುಂದಿನದು ನಿನ್ನ ಕಣ್ಣೆದುರಿಗೇ ಆಯಿತು. ಗಾಡಿಯ ಮುಂದೆ ವೇದಿಕೆ ಕಟ್ಟಿದ್ದಿರಿ, ಅದು ಸರಿಯದೆ ಗಾಡಿ ಹೊರಡುವಂತಿರಲಿಲ್ಲ. ಪೊಲೀಸಿನವನು ಕೈ ಹಿಡಿದ, ಕೊಡವಿಕೊಂಡೆ. ಮೈಕಿನ ಹತ್ತಿರ ಹೋಗಿ, ‘ಸ್ವಾಮಿ, ಕೆಳಗಿಳೀರಿ. ಇದು ಪಕ್ಕದೂರಿನ ಗಾಡಿ, ಅಲ್ಲಿ ಶಾಲೆ ಉರೀತಾ ಇದೆ’ ಎಂದೆ. ನಾಯಕರು ನನ್ನ ಕಡೆ ನೋಡಲಿಲ್ಲ. ನಿನ್ನ ಕಡೆ ತಿರುಗಿದರು. ಅವರ ಬಾಯಿಗೆ ಮಾತು ಹಾಕುವವನು ನೀನಲ್ಲವೇ? ನೀನು ಕೈಯಲ್ಲಿದ್ದ ಹಾಳೆ ನೋಡಿದೆ. ತಿರುವಿ ಹಿಂದೆಯೂ ನೋಡಿದೆ. ಇಂಥ ಹೊತ್ತಿಗೆಂದು ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಕೊನೆಗೆ ವೇದಿಕೆ ಸರಿಸಿದವರು ನಮ್ಮ ಹಾಸಿಗೆ ಬೀದಿಯವರು. ಭಾಷಣ ನಿಲ್ಲಿಸಿ ಕೂತುಬಿಟ್ಟಿದ್ದ ನಾಯಕರನ್ನು ಕುರ್ಚಿ ಸಮೇತ ಎತ್ತಿ ಪಕ್ಕಕ್ಕಿಟ್ಟರು, ಹಲಗೆ ಎಳೆದುಹಾಕಿದರು. ಹೊಸ ಗಾಡಿ ಸಿಗಲಿ ಎಂದು ಬಂದು ಕೂತಿದ್ದವರು ಅವರು. ಅಂಗಡಿಮುಂಗಟ್ಟು ಸುಟ್ಟುಕೊಂಡವರು ಬೇರೆ ಊರಿಗಾಗಿ ದಾರಿ ಬಿಡಿಸಿ ಗಾಡಿಯನ್ನು ಕಳಿಸಿದರು. ಅಡುಗೆಮನೆ ಹೋಯಿತು, ತರಗತಿಗಳು ಉಳಿದವು, ಮಕ್ಕಳೆಲ್ಲ ಹೊರಗೆ ಬಂದಿದ್ದರು. ಸಂಜೆ ಆ ಹುಡುಗಿ ಫೋನ್ ಮಾಡಿ ಹೇಳಿದಳು.

ನಿನ್ನೆ ನನ್ನನ್ನು ಅಮಾನತು ಮಾಡಿದ್ದಾರೆ. ಸಭೆಗೆ ಅಡ್ಡಿಪಡಿಸಿದ್ದಕ್ಕಂತೆ. ಅದಕ್ಕೆ ನನಗೆ ಬೇಸರವಿಲ್ಲ. ಬೇಸರ ಇನ್ನೊಂದಕ್ಕೆ. ನಿಮ್ಮ ಕಾರುಗಳು ಧೂಳೆಬ್ಬಿಸಿಕೊಂಡು ಹೋದವು, ಅದರಲ್ಲಿ ನೀನೂ ಹೋದೆ. ಆಸ್ಪತ್ರೆಗೆ ಬರಲಿಲ್ಲ. ನಿನ್ನ ಭಾವ ಬೆಳಿಗ್ಗೆಯೇ ನನ್ನಿಂದ ಮುಖ ತೊಳೆಸಿಕೊಂಡು, ತಲೆ ಬಾಚಿಸಿಕೊಂಡು ಕಾಯುತ್ತಿದ್ದರು. ಬೆಂದ ಕೈ ನೋಡಿ ನೀನು ಹೆದರಬಾರದೆಂದು ಅದರ ಮೇಲೆ ಟವೆಲು ಹಾಕಿಸಿಕೊಂಡಿದ್ದರು.

ಅದು ಎರವಲು ಗಾಡಿ ಎಂದು ನಿನಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳುವುದಿಲ್ಲ. ಗೊತ್ತಿತ್ತು ಎಂದರೆ ನನಗೆ ತಮ್ಮ ಇಲ್ಲವಾಗುತ್ತಾನೆ. ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಇನ್ನು ಕಾಗದ ಬರೆಯಬೇಡ. ನಿನ್ನ ಅಕ್ಷರ ಕಂಡರೆ ಒಡೆಯದೆ ಒಲೆಗೆ ಹಾಕುತ್ತೇನೆ. ಬರುವುದಾದರೆ ನಮ್ಮೂರಿಗೆಂದು ಕೊಂಡ ಗಾಡಿಯನ್ನೇ ಹತ್ತಿಕೊಂಡು ಬಾ, ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು ಬಾ. ನಾನು ಗೇಟಿನಲ್ಲೇ ನಿಂತಿರುತ್ತೇನೆ. ನಿನ್ನ ಮುಖ ನೋಡುವ ಮೊದಲು ಬಾಗಿಲ ಬಣ್ಣವನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಕೆಳಗೆ ಇನ್ನೊಂದು ಊರಿನ ಹೆಸರು ಕಂಡರೆ, ಇಳಿಯಲೂ ಬಿಡದೆ ಅದೇ ಗಾಡಿಯಲ್ಲಿ ನಿನ್ನನ್ನು ಆ ಊರಿಗೆ ಕಳಿಸುತ್ತೇನೆ.

ಅಕ್ಕ